ಆರಿಸಿ ಕಳಿಸಿದ ಏಡಿಗಳು

3 ಜುಲೈ 1989

ಅಕ್ಕನಿಗೆ,

ಬಸ್ಸಿನ ಮೇಲೆ ನೀನು ಹಾಕಿ ಕಳಿಸಿದ ಪೆಟ್ಟಿಗೆ ನಿನ್ನೆ ಬೆಳಿಗ್ಗೆ ಬಂತು. ಮೊದಲು ನಾತ ಬಂತು, ಪೆಟ್ಟಿಗೆ ಅದರ ಹಿಂದೆ ಬಂತು. ನಮ್ಮ ಪ್ರಯೋಗಾಲಯದ ಅಟೆಂಡರ್ ಅದನ್ನು ಮುಖ ಆಚೆ ತಿರುಗಿಸಿಕೊಂಡೇ ಹೊತ್ತು ತಂದು, ನನ್ನ ಮೇಜಿನ ಮೇಲೆ ಕುಕ್ಕಿ, ಕೈ ತೊಳೆಯಲು ಓಡಿದ.

ಗೋಣಿ ಬಿಚ್ಚಿದರೆ ಇಪ್ಪತ್ತರಲ್ಲಿ ಆರು ಸತ್ತಿದ್ದವು. ಎರಡರ ಕಾಲುಗಳು ಕೊಳೆತು ಕಳಚಿ ಉಳಿದವುಗಳ ಮೈಗೆ ಮೆತ್ತಿಕೊಂಡಿದ್ದವು. ಇನ್ನೊಂದರ ಬೆನ್ನು ಮುಟ್ಟಿದರೆ ಒದ್ದೆ ರಟ್ಟಿನ ಹಾಗೆ ಒಳಕ್ಕೆ ತಗ್ಗಿತು. ಅದೇ ಹೊತ್ತಿಗೆ ನಿರ್ದೇಶಕರು ಒಳಗೆ ಬರಬೇಕೆ. ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಎಲ್ಲರಿಗೂ ಕೇಳುವ ಹಾಗೆ, "ಇದು ನಿಮ್ಮ ಮನೆಯಿಂದ ಬಂದಿದ್ದಂತಲ್ಲ?" ಅಂದರು. ಆ ಕೋಣೆಯಲ್ಲಿ ಏಳು ಜನ ಗಂಡಸರು. ಏಡಿ ಹಿಡಿಯುವವರ ಮನೆಯಿಂದ ಬಂದವಳು ನಾನೊಬ್ಬಳೇ. ನೆಲ ಬಿರಿದರೆ ಇಳಿದುಬಿಡೋಣ ಅನ್ನಿಸಿತು.

ನನ್ನ ಕೆಲಸ ಏನು ಎಂದು ಕೇಳಿದ್ದೆಯಲ್ಲ. ನೀರು ತುಂಬಿದ ಜಾಡಿಯಲ್ಲಿ ಏಡಿಯನ್ನಿಟ್ಟು ಬಿಗಿಯಾಗಿ ಮುಚ್ಚಿ, ಅದು ಗಂಟೆಗೆ ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತದೆ ಎಂದು ಅಳೆಯುವುದು. ಚರ್ಮ ಹದ ಮಾಡುವ ಕಾರ್ಖಾನೆಯವರು ನಮ್ಮ ಅಳಿವೆಗೆ ಪೈಪು ಬಿಟ್ಟಿದ್ದಾರಲ್ಲ, ಆ ನೀರಿನಲ್ಲಿ ಏಡಿಯ ಉಸಿರು, ಬೆಳವಣಿಗೆ, ಚಿಪ್ಪು ಹೇಗಿದೆ ಎಂದು ವರ್ಷಗಟ್ಟಲೆ ನೋಡಬೇಕು. ಅದಕ್ಕೇ ಪೈಪಿನ ಬಾಯಿಯ ಹತ್ತಿರ ನೀನು ಇಡುವ ಬೋನಿನ ಏಡಿಗಳೇ ಬೇಕು ಎಂದು ಹಟ ಹಿಡಿದು ಒಪ್ಪಿಸಿದ್ದೇನೆ.

ಆದರೆ ಇನ್ನು ಮೇಲೆ ಹೀಗೆ ಕಳಿಸಬೇಡ. ಸತ್ತದ್ದು, ಸಾಯುವ ಹಾಗಿರುವುದು, ನಾರುವುದು ಒಂದೂ ಬೇಡ. ತೊಳೆದು ಕಳಿಸು. ಒಳ್ಳೆಯವನ್ನು ಆರಿಸಿ ಕಳಿಸು. ನನ್ನ ಮಾನ ನಿನ್ನ ಕೈಯಲ್ಲಿದೆ.

ಭಾವನಿಗೆ ಕೇಳಿದೆನೆಂದು ಹೇಳು.

ತಂಗಿ

*

19 ಜುಲೈ 1989

ಸೊಟ್ಟಮೂತಿಗೆ ಅಕ್ಕ ಬರೆಯುವುದು.

ಕಾಗದ ಓದಿ ಭಾವ ನಕ್ಕರು. ಹನ್ನೆರಡು ವರ್ಷದವಳಿದ್ದಾಗ ನನ್ನ ಕೈ ಏಡಿ ನಾರುತ್ತದೆ ಎಂದು ಬಾಯಿಗಿಟ್ಟ ತುತ್ತು ಉಗಿದು ಓಡಿದವಳು ನೀನು. ಸೊಟ್ಟಮೂತಿ ಎಂಬ ಹೆಸರು ಬಂದದ್ದೇ ಅವತ್ತು. ಈಗ ನೋಡಿದರೆ ಏಡಿಯ ಉಸಿರು ಎಣಿಸುವುದಕ್ಕೆ ಸರ್ಕಾರ ನಿನಗೆ ಕುರ್ಚಿ ಕೊಟ್ಟಿದೆ. ಬೇಡ ಬೇಡ ಅಂದದ್ದೇ ಕೊರಳಿಗೆ ಬಂತು.

ತಪ್ಪು ನನ್ನದೇ. ಬೋನಿಗೆ ಬಿದ್ದ ಮೊದಲ ಇಪ್ಪತ್ತನ್ನು ಹಾಗೇ ಗೋಣಿಗೆ ತುಂಬಿದೆ. ಅಷ್ಟು ದೊಡ್ಡ ಜನರ ಮುಂದೆ ತೆರೆಯುತ್ತಾರೆ ಎಂದು ಹೊಳೆಯಲಿಲ್ಲ. ಈ ಸಲ ಒಂದೊಂದರ ಮುಂದೆಯೂ ಕಡ್ಡಿ ಹಿಡಿದೆ. ಕಡ್ಡಿ ಕಚ್ಚಿ, ಮೇಲೆತ್ತಿದರೂ ಬಿಡದೆ ನೇತಾಡಿದ್ದು ಮಾತ್ರ ಪೆಟ್ಟಿಗೆಗೆ. ಬಿಟ್ಟದ್ದೆಲ್ಲ ವಾಪಸು ನೀರಿಗೆ. ಮೂರು ನೀರಲ್ಲಿ ತೊಳೆದು, ಕಾಲಿನ ಸಂದಿಯ ಕೆಸರನ್ನು ಹಳೆಯ ಬ್ರಷ್ಷಿನಲ್ಲಿ ಉಜ್ಜಿದ್ದೇನೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಇಷ್ಟು ತಿಕ್ಕಿ ತೊಳೆಯುವುದಿಲ್ಲ ಎಂದು ಭಾವನ ಕುಹಕ.

ನಿನ್ನ ಕಾಗದವನ್ನು ಬೋನುಗಳನ್ನು ನೇತುಹಾಕುವ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ್ದೇನೆ. ಪ್ರತಿ ಸಲ ಅದನ್ನು ನೋಡಿಯೇ ಆರಿಸುತ್ತೇನೆ. ನಿನ್ನ ಮಾನದ ಚಿಂತೆ ಬಿಡು, ಹೊಟ್ಟೆ ತುಂಬ ಊಟ ಮಾಡು.

ಅಕ್ಕ

*

8 ಫೆಬ್ರವರಿ 1991

ಅಕ್ಕನಿಗೆ,

ಇಪ್ಪತ್ತಕ್ಕೆ ಇಪ್ಪತ್ತೂ ಜೀವಂತ. ಹತ್ತೊಂಬತ್ತು ಪೆಟ್ಟಿಗೆಗಳಲ್ಲಿ ಒಂದೂ ಸಾವಿಲ್ಲ. ಅಟೆಂಡರ್ ಈಗ ನಿನ್ನ ಪೆಟ್ಟಿಗೆಗೆ "ಅಕ್ಕನ ಪಾರ್ಸೆಲ್" ಎಂದು ಹೆಸರಿಟ್ಟು ಎದೆಗೊತ್ತಿಕೊಂಡು ತರುತ್ತಾನೆ. ಉಸಿರಿನ ಅಂಕಿಗಳನ್ನು ಕಾಗದದ ಮೇಲೆ ಇಟ್ಟರೆ ಗೆರೆ ದಾರ ಕಟ್ಟಿದ ಹಾಗೆ ನೇರ. ಪೈಪು ಬಂದು ಇಷ್ಟು ದಿನವಾದರೂ ಅಳಿವೆಯ ಏಡಿ ಕುಗ್ಗಿಲ್ಲ. ನಾನು ಬರೆದ ಮೊದಲ ಲೇಖನ ಅಚ್ಚಾಗಿದೆ. ಒಂದು ಪ್ರತಿ ಇಟ್ಟಿದ್ದೇನೆ, ಭಾವ ಓದಿ ಹೇಳಲಿ, ಅರ್ಥವಾಗದಿದ್ದರೆ ನನ್ನ ಹೆಸರು ಎಲ್ಲಿದೆ ಎಂದು ತೋರಿಸಿದರೂ ಸಾಕು.

ಒಂದು ಮಾತು ನಿನಗಲ್ಲದೆ ಯಾರಿಗೂ ಹೇಳುವುದಿಲ್ಲ. ಕಾರ್ಖಾನೆಯ ಮ್ಯಾನೇಜರು ಅಭಿನಂದಿಸಲು ಬಂದಿದ್ದ. ಅವನು ಪೂಸಿಕೊಂಡಿದ್ದ ಸೆಂಟಿನ ಅಡಿಯಲ್ಲಿ ಹಸಿ ಚರ್ಮದ ವಾಸನೆ ಸಣ್ಣಗೆ ಸುಳಿಯುತ್ತಿತ್ತು. ನನ್ನ ಕೈಯನ್ನು ತನ್ನ ಎರಡು ಮೆತ್ತನೆಯ ಕೈಗಳ ನಡುವೆ ಇಟ್ಟುಕೊಂಡು, "ನಮ್ಮ ನೀರಲ್ಲಿ ನಿಮ್ಮ ಏಡಿಗಳು ಕುಣೀತಾ ಇವೆ ಅಂದಂಗಾಯ್ತು" ಅಂದ. ಅವನು ಹೋದ ಮೇಲೆ ಎರಡು ಸಲ ಸೋಪು ಹಚ್ಚಿ ಕೈ ತೊಳೆದೆ. ಆದರೂ ಏನು ಮಾಡಲಿ, ಅವನು ಹೇಸಿಗೆಯ ಮನುಷ್ಯ ಎಂದು ಅಂಕಿ ಬದಲಾಗುವುದಿಲ್ಲ. ಅಂಕಿಗೆ ಮೂಗಿಲ್ಲ.

ಈ ವರ್ಷವೂ ಊರಿಗೆ ಬರಲು ಆಗುವುದಿಲ್ಲ. ಕೆಲಸ ಬಹಳ.

ತಂಗಿ

*

30 ನವೆಂಬರ್ 1992

ಸೊಟ್ಟಮೂತಿಗೆ,

ಇಲ್ಲಿ ಎಲ್ಲ ಚೆನ್ನಾಗಿದೆ. ಪೆಟ್ಟಿಗೆ ಎರಡು ದಿನ ತಡವಾಯಿತು, ಬೈಯಬೇಡ. ಏಡಿ ಹಿಡಿಯುವುದಕ್ಕೆ ಈಗ ಬೆಳಿಗ್ಗೆ ಹೋದರೆ ಮನೆ ಸೇರುವುದು ಸಂಜೆ. ನಿನ್ನ ಭಾವನಿಗೆ ಬೇಯಿಸಿ ಹಾಕುವವರಿಲ್ಲ ಎಂದು ಮುನಿಸು. ಅಳಿವೆಯ ಮೇಲೆ ಆಗಾಗ ನೊರೆ ಕಟ್ಟುತ್ತದೆ, ಗಾಳಿ ಬಂದರೆ ಅಂಗಳದವರೆಗೂ ಹಾರಿ ಬಂದು ಒಗೆದ ಬಟ್ಟೆಗೆ ಹತ್ತುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಕೆಲವು ಏಡಿಗಳು ಚಿಪ್ಪು ಕಳಚಲು ಹೋಗಿ ಅರ್ಧದಲ್ಲೇ, ಬಿಡು, ನಿನಗೆ ಹೇಸಿಗೆಯಾಗುತ್ತದೆ.

ಒಂದು ವಿಷಯ ಕೇಳಬೇಕಿತ್ತು. ಪಕ್ಕದ ಮನೆಯವಳ ಬೆರಳ ಸಂದಿಯಲ್ಲಿ, ಗೆಣ್ಣಿನ ಮೇಲೆ ಸಣ್ಣ ಸಣ್ಣ ಗುಳಿ ಬಿದ್ದಿವೆ. ಮೊಳೆ ಚುಚ್ಚಿ ತೆಗೆದ ಹಾಗೆ ದುಂಡಗೆ. ನೋವಿಲ್ಲ, ಆದರೆ ಮಾಯುವುದೂ ಇಲ್ಲ, ಒಳಗೊಳಗೇ ಇಳಿಯುತ್ತದೆ. ನೀರಲ್ಲಿ ಕೈ ಇಟ್ಟಿರುವವಳು. ಯಾವ ಮುಲಾಮು ಹಚ್ಚಬೇಕು ಎಂದು ಯಾರನ್ನಾದರೂ ಕೇಳಿ ಬರೆ.

ಅಕ್ಕ

*

14 ಡಿಸೆಂಬರ್ 1992

ಅಕ್ಕನಿಗೆ,

ನಿನ್ನ ಕಾಗದವನ್ನು ಕ್ಯಾಂಟೀನಿನಲ್ಲಿ ಓದಿದೆ, ತಟ್ಟೆ ಪಕ್ಕಕ್ಕೆ ಸರಿಸಿಬಿಟ್ಟೆ. ಊಟದ ಹೊತ್ತಿಗೆ ಇಂಥದ್ದನ್ನೆಲ್ಲ ಓದುವ ಹಾಗೆ ಬರೆಯಬೇಡ ಮಾರಾಯ್ತಿ. ನಾನು ಏಡಿಯ ಡಾಕ್ಟರು, ಮನುಷ್ಯರದ್ದಲ್ಲ. ನಿನ್ನ ಪಕ್ಕದ ಮನೆಯವಳಿಗೆ ಸೋಪು ಹಾಕಿ ಕೈ ತೊಳೆಯಲು ಹೇಳು, ಅರ್ಧ ರೋಗ ಕೊಳಕಿನಿಂದಲೇ ಬರುವುದು. ಅಂಟುವ ಹುಣ್ಣಿರಬಹುದು, ಅವಳನ್ನು ನಿನ್ನ ಅಡುಗೆಮನೆಗೆ ಬಿಟ್ಟುಕೊಳ್ಳಬೇಡ.

ಏಡಿಗಳು ಎಂದಿನಂತೆ ಚೆನ್ನಾಗಿದ್ದವು.

ತಂಗಿ

*

2 ಸೆಪ್ಟೆಂಬರ್ 1995

ಸೊಟ್ಟಮೂತಿಗೆ,

ಬರಹ ಬೇರೆಯಾಗಿದೆ ಎಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಭಾವ ಬರೆಯುತ್ತಿದ್ದಾರೆ. ನನಗೆ ಪುರಸೊತ್ತಿಲ್ಲ. ಈ ಸಲ ಏಡಿ ತೊಳೆದದ್ದೂ ಅವರೇ, ಗಂಡಸರು ತೊಳೆದ ಪಾತ್ರೆಯ ಹಾಗಿರುತ್ತದೆ, ಹೊಂದಿಸಿಕೊ. ಇಪ್ಪತ್ತು ಇವೆ. ಕಡ್ಡಿ ಹಿಡಿದೇ ಆರಿಸಿದ್ದು.

ಆರು ವರ್ಷವಾಯಿತು ನಿನ್ನ ಮುಖ ನೋಡಿ. ಒಂದು ಸಲ ಬಂದು ಹೋಗಬಾರದೆ? ಬರುವ ಮುಂಚೆ ತಿಳಿಸು, ಮನೆ ಗುಡಿಸಿ ಸಾರಿಸಬೇಕು.

ಅಕ್ಕ

*

20 ಸೆಪ್ಟೆಂಬರ್ 1995

ಅಕ್ಕನಿಗೆ,

ಪುರಸೊತ್ತಿಲ್ಲದೆ ಗುಮಾಸ್ತರನ್ನು ಇಟ್ಟುಕೊಂಡಿರುವ ಅಕ್ಕನಿಗೆ ಎಂದು ಬರೆಯಬೇಕಿತ್ತು. ಸಿಟ್ಟಿದ್ದರೆ ನೇರ ಬೈದುಬಿಡು, ಹೀಗೆ ಇನ್ನೊಬ್ಬರ ಕೈಯಲ್ಲಿ ನಾಲ್ಕು ಸಾಲು ಬರೆಸಿ ಮುಖ ತಿರುಗಿಸಬೇಡ. ನಾನು ಬರದಿರುವುದಕ್ಕೆ ಕಾರಣ ಕೆಲಸ, ಬೇರೇನಲ್ಲ.

ನವೆಂಬರ್ ಒಂಬತ್ತಕ್ಕೆ ಸಮಿತಿ ಸೇರುತ್ತದೆ. ಕಾರ್ಖಾನೆಗೆ ಎರಡನೆಯ ಪೈಪು ಬೇಕಂತೆ, ಮೊದಲನೆಯದರ ಮೂರರಷ್ಟು ದಪ್ಪದ್ದು. ನನ್ನ ಆರು ವರ್ಷದ ಅಂಕಿಗಳ ಮೇಲೆ ತೀರ್ಮಾನ. ವರದಿ ಸಿದ್ಧವಾಗಿದೆ, ಸಹಿ ಒಂದು ಬಾಕಿ. ಮೊನ್ನೆ ಅದೇ ಖುಷಿಗೆ ನಿರ್ದೇಶಕರ ಮನೆಯಲ್ಲಿ ಊಟವಿತ್ತು. ಮ್ಯಾನೇಜರೂ ಇದ್ದ. ದೊಡ್ಡ ತಟ್ಟೆಯಲ್ಲಿ ಏಡಿಗಳನ್ನು ಬೇಯಿಸಿ ಇಟ್ಟಿದ್ದರು, ನನ್ನ ಗೌರವಾರ್ಥವಂತೆ. ಎಲ್ಲರೂ ಕಾಲು ಮುರಿದು ಚೀಪುತ್ತಿದ್ದರು, ಗದ್ದದ ಮೇಲೆಲ್ಲ ಎಣ್ಣೆ. ಮ್ಯಾನೇಜರು ಮಾತ್ರ ಒಂದು ಕಾಲನ್ನೂ ಮುಟ್ಟಲಿಲ್ಲ. "ಯಾಕೆ, ತಿನ್ನಲ್ವಾ?" ಎಂದು ಕೇಳಿದೆ. "ಇದು ಯಾವ ನೀರಿಂದು ಅಂತ ಗೊತ್ತಿಲ್ದೆ ನಾನು ತಿನ್ನಲ್ಲ" ಎಂದು ನಕ್ಕುಬಿಟ್ಟ. ಆ ನಗುವನ್ನು ಮನೆಗೆ ಹೊತ್ತುಕೊಂಡು ಬಂದೆ, ಉಂಡದ್ದು ಮೈಗೆ ಹತ್ತಲಿಲ್ಲ.

ಅದಕ್ಕೇ ಒಂದು ಸಣ್ಣ ವಿಷಯ ಕೇಳುತ್ತೇನೆ. ಮರುದಿನ ಹೋಗಿ ನಿನ್ನ ಕೊನೆಯ ಪೆಟ್ಟಿಗೆಯ ಏಡಿಗಳನ್ನು ಮತ್ತೆ ತಿರುಗಿಸಿ ನೋಡಿದೆ. ಭಾವ ಸರಿಯಾಗಿ ತೊಳೆದಿಲ್ಲ, ಕಾಲಿನ ಸಂದಿಯಲ್ಲಿ ಮಣ್ಣು ಹಾಗೇ ಇದೆ. ಆ ಮಣ್ಣು ಕೆಂಪಗಿದೆ. ನಮ್ಮ ಅಳಿವೆಯ ಕೆಸರು ಕಪ್ಪು, ಅದು ನನಗೆ ಚೆನ್ನಾಗಿ ನೆನಪಿದೆ. ಈ ಕೆಂಪು ಮಣ್ಣು ಎಲ್ಲಿಯದು?

ತಂಗಿ

*

6 ಅಕ್ಟೋಬರ್ 1995

ಸೊಟ್ಟಮೂತಿಗೆ,

ನಿನ್ನ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ ಎಂದು ಭಾವ ಹೇಳುತ್ತಲೇ ಇದ್ದರು.

ಏಡಿ ಆಚೆ ಅಳಿವೆಯದು, ಗುಡ್ಡದ ಆ ಕಡೆಯದು. ಕಾರ್ಖಾನೆಯ ನೀರು ಅಲ್ಲಿಗೆ ಹೋಗುವುದಿಲ್ಲ. ನಡೆದರೆ ಎರಡು ಗಂಟೆಯ ದಾರಿ. ಮೂರು ವರ್ಷದಿಂದ ಅಲ್ಲಿಂದಲೇ ತರುತ್ತಿದ್ದೇನೆ. ಮೊದಮೊದಲು ನಮ್ಮಲ್ಲೇ ನಲವತ್ತು ಹಿಡಿದರೆ ಇಪ್ಪತ್ತು ಒಳ್ಳೆಯವು ಸಿಗುತ್ತಿದ್ದವು. ಆಮೇಲೆ ನೂರು ಹಿಡಿದರೂ ಇಪ್ಪತ್ತಾಗಲಿಲ್ಲ. ಕಡ್ಡಿ ಹಿಡಿದರೆ ಕಚ್ಚುವ ಕಸುವೇ ಅವಕ್ಕಿಲ್ಲ. ಬೆನ್ನಿನ ಮೇಲೆ ಸಿಡುಬಿನ ಹಾಗೆ ಗುಳಿ. ಕೆಲವು ಹಳೆಯ ಚಿಪ್ಪಿನಿಂದ ಅರ್ಧ ಹೊರಗೆ ಬಂದು, ಮುಂದಕ್ಕೂ ಆಗದೆ ಹಿಂದಕ್ಕೂ ಆಗದೆ, ಹಾಗೇ ಸತ್ತು ಉಬ್ಬಿರುತ್ತಿದ್ದವು. ಅಂಥದ್ದನ್ನು ನಿನ್ನ ಮೇಜಿಗೆ ಹೇಗೆ ಕಳಿಸಲಿ? ನೀನೇ ಬೇಡವೆಂದದ್ದು. ಆ ಕಾಗದ ಇವತ್ತಿನವರೆಗೂ ಗೋಡೆಯ ಮೇಲೇ ಇತ್ತು, ಬೇಕಾದರೆ ನೋಡು ಎಂದು ಕಿತ್ತು ಇದರ ಜೊತೆ ಇಟ್ಟಿದ್ದೇನೆ. ನನಗೆ ಬಾಯಿಪಾಠವಾಗಿದೆ.

ಏಡಿ ಎಲ್ಲಿಯದಾದರೂ ಏಡಿಯೇ ಅಲ್ಲವೇ, ಉಸಿರು ಎಣಿಸುವುದಕ್ಕೆ? ಅದರಿಂದ ನಿನಗೆ ತೊಂದರೆಯಾಗುತ್ತದೆಯೇ? ಆಗುವುದಾದರೆ ನಾನು ಮಾಡಿದ್ದು ಎಂದು ಹೇಳಿಬಿಡು. ಓದು ಬರಹ ಹೆಚ್ಚಿಲ್ಲದವಳು, ತಿಳಿಯದೆ ಮಾಡಿದಳು ಅನ್ನು.

ಅಕ್ಕ

ನಾದಿನಿಗೆ: ಇಲ್ಲಿಂದ ಕೆಳಗಿನದು ನನ್ನ ಮಾತು. ಅವಳು ಕನ್ನಡಕ ಹುಡುಕುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಪಕ್ಕದ ಮನೆಯವಳು ಎಂದು ಯಾರೂ ಇಲ್ಲ. ನಮ್ಮ ಪಕ್ಕದ ಮನೆ ನಾಲ್ಕು ವರ್ಷದಿಂದ ಬೀಗ. ಆ ಗುಳಿಗಳು ನಿನ್ನ ಅಕ್ಕನ ಕೈಯವು. ಪೈಪಿನ ಬಾಯಿಯ ನೀರಲ್ಲಿ ದಿನಾ ಕೈ ಆಡಿಸಿ, ನೂರು ಏಡಿ ತಿರುಗಿಸಿ ಆರಿಸಿದ ಕೈ. ಬಲಗೈಯ ಎರಡು ಬೆರಳು ಮಡಿಚುವುದಿಲ್ಲ. ನಿನ್ನ ಉತ್ತರ ಬಂದ ದಿನದಿಂದ ಅವಳು ನನಗೆ ಅಡುಗೆಮನೆಯಲ್ಲಿ ಬಡಿಸುವುದನ್ನು ಬಿಟ್ಟಳು. ಅಂಟುತ್ತದೆ ಎಂದು ತಂಗಿ ಬರೆದಿದ್ದಾಳೆ ಅಂದಳು. ತನಗೆ ಬೇರೆ ತಟ್ಟೆ, ಬೇರೆ ಲೋಟ. ನಿನಗೆ ತಿಳಿಸಬಾರದು ಎಂದು ಆಣೆ ಹಾಕಿಸಿಕೊಂಡಿದ್ದಳು. ಮುರಿದಿದ್ದೇನೆ.

*

11 ಅಕ್ಟೋಬರ್ 1995

ಅಕ್ಕ,

ನೀನು ಇಟ್ಟ ಕಾಗದವನ್ನು ಓದಿದೆ. ಮೊಳೆಯ ತೂತು, ತುಕ್ಕಿನ ಕಲೆ, ಅದರ ಕೆಳಗೆ ನನ್ನ ದುಂಡು ಅಕ್ಷರ. ಇಷ್ಟು ದಿನ ನಿರ್ದೇಶಕರ ಕರವಸ್ತ್ರ ಕಂಡರೆ ಅಸಹ್ಯ, ಮ್ಯಾನೇಜರನ ಕೈ ಅಂದರೆ ಅಸಹ್ಯ, ಆರು ವರ್ಷದ ಹಿಂದಿನ ಆ ಪೆಟ್ಟಿಗೆಯ ನಾತ ನೆನಪಾದರೂ ಅಸಹ್ಯ. ಈ ಕಾಗದದ ನಾತದ ಮುಂದೆ ಅವೆಲ್ಲ ಏನೂ ಅಲ್ಲ. ರಾತ್ರಿಯಿಂದ ಕೈ ತೊಳೆಯುತ್ತಲೇ ಇದ್ದೇನೆ, ಹೋಗುತ್ತಿಲ್ಲ.

ನೀನು ತಪ್ಪು ಮಾಡಿಲ್ಲ. ನಿನಗೆ ಹೇಳಬೇಕಾದದ್ದನ್ನು ನಾನು ಹೇಳಲಿಲ್ಲ. ಈ ಕೆಲಸದಲ್ಲಿ ಮೊದಲ ಪಾಠವೇ ಅದು: ಬೋನಿಗೆ ಬಿದ್ದದ್ದನ್ನು ಬಿದ್ದ ಹಾಗೆ ಎಣಿಸಬೇಕು, ಸತ್ತದ್ದನ್ನೂ ಬರೆದುಕೊಳ್ಳಬೇಕು. ಮೊದಲ ಪೆಟ್ಟಿಗೆಯಲ್ಲಿ ನೀನು ಮಾಡಿದ್ದು ಅದನ್ನೇ, ಯಾರೂ ಕಲಿಸದೆಯೇ. ಆರು ಸತ್ತಿದ್ದವು ಎಂದರೆ ಅದೇ ಉತ್ತರ. ನಾನು ಆ ಉತ್ತರವನ್ನು ಕಸದ ಡಬ್ಬಿಗೆ ಹಾಕಿ ನಿನಗೆ ಬೈದೆ. ಆಮೇಲೆ ಆರು ವರ್ಷ ಗಟ್ಟಿ ಏಡಿಗಳ ಉಸಿರು ಅಳೆದು, ಅಳಿವೆ ಗಟ್ಟಿಯಾಗಿದೆ ಎಂದು ಬರೆದೆ.

ಇವತ್ತು ನಿರ್ದೇಶಕರಿಗೆ ಎಲ್ಲ ಹೇಳಿದೆ. ಅವರು ಬಾಗಿಲು ಮುಚ್ಚಿ, ದನಿ ತಗ್ಗಿಸಿ, "ಏಡಿ ತಂದುಕೊಡೋರು ಮೋಸ ಮಾಡಿದ್ರು ಅಂತ ಒಂದು ಸಾಲು ಬರ್ಕೊಡಿ. ನಿಮ್ಮ ಹೆಸರಿಗೆ ಧಕ್ಕೆ ಬರಲ್ಲ" ಅಂದರು. ಆ ತಂದುಕೊಡುವವಳು ನನ್ನ ಅಕ್ಕ ಅಂದೆ. "ಹಾಗಾದ್ರೆ ಇನ್ನೂ ಸುಲಭ, ಅವರೇನು ಕೋರ್ಟಿಗೆ ಹೋಗಲ್ಲವಲ್ಲ" ಅಂದರು. ನೀನೂ ಅದನ್ನೇ ಬರೆದಿದ್ದೀಯ, ನನ್ನ ಮೇಲೆ ಹಾಕು ಎಂದು. ನೀನು ಹೇಳಿದಾಗ ಅಳು ಬಂತು, ಅವರು ಹೇಳಿದಾಗ ಅವರ ಮೇಜಿನ ಮೇಲೆಯೇ ವಾಂತಿಯಾಗುತ್ತದೇನೋ ಅನ್ನಿಸಿತು. ಬರೆದುಕೊಡಲಿಲ್ಲ. ಬರೆದುಕೊಡದಿದ್ದರೆ ಆರು ವರ್ಷದ ಕೆಲಸವೂ ಹೋಗುತ್ತದೆ, ಕುರ್ಚಿಯೂ ಹೋಗಬಹುದು. ಹೋಗಲಿ.

ಒಂದೇ ಒಂದು ಪೆಟ್ಟಿಗೆ ಕಳಿಸು. ಸಭೆಯ ದಿನ ಬೆಳಿಗ್ಗೆ ತಲುಪುವ ಹಾಗೆ. ಪೈಪಿನ ಬಾಯಿಯ ಬೋನಿನದು. ಬಿದ್ದ ಮೊದಲ ಇಪ್ಪತ್ತು, ಸತ್ತಿರಲಿ, ಕೊಳೆತಿರಲಿ, ಅರ್ಧ ಕಳಚಿರಲಿ. ಕಡ್ಡಿ ಹಿಡಿಯಬೇಡ. ತೊಳೆಯಬೇಡ. ಆರಿಸಬೇಡ. ಆದರೆ ನೀನು ಮಾತ್ರ ನೀರಿಗೆ ಕೈ ಹಾಕಕೂಡದು. ಇದರ ಜೊತೆ ಉದ್ದನೆಯ ರಬ್ಬರ್ ಕೈಗವಸು ಕಳಿಸಿದ್ದೇನೆ, ಭಾವ ಹಾಕಿಕೊಳ್ಳಲಿ.

ಚರ್ಮದ ಡಾಕ್ಟರನ್ನು ಕೇಳಿದೆ. ಮೂರು ವರ್ಷ ತಡವಾಗಿ ಕೇಳಿದೆ. ಚರ್ಮ ಹದ ಮಾಡುವ ಕ್ರೋಮಿಯಂ ಉಪ್ಪಿನಿಂದ ಬರುವ ಹುಣ್ಣು ಹೀಗೇ ಇರುತ್ತದಂತೆ, ನೋವಿಲ್ಲದೆ ಇಳಿಯುತ್ತದಂತೆ. ಅದು ಅಂಟುವುದಿಲ್ಲ. ಕೇಳಿಸಿತಾ? ಯಾರಿಗೂ ಅಂಟುವುದಿಲ್ಲ. ಇವತ್ತೇ ಒಂದೇ ಕಡೆ ಕುಳಿತು ಊಟ ಮಾಡಿ.

ತಂಗಿ

*

8 ನವೆಂಬರ್ 1995

ಸೊಟ್ಟಮೂತಿಗೆ,

ಪೆಟ್ಟಿಗೆ ಈ ಬಸ್ಸಿಗೆ ಹಾಕಿದ್ದೇವೆ. ಕಂಡಕ್ಟರು ಬೇಡವೆಂದು ರಂಪ ಮಾಡಿದ. ಭಾವ ಅವನ ಕಾಲು ಹಿಡಿಯುವುದೊಂದು ಬಾಕಿ.

ಹೇಳಿದ ಹಾಗೆ ಬರೆಸಿದ್ದೇನೆ. ಇಪ್ಪತ್ತು. ಸತ್ತದ್ದು ಹದಿಮೂರು. ಅದರಲ್ಲಿ ಅರ್ಧ ಚಿಪ್ಪು ಕಳಚಿದ್ದು ನಾಲ್ಕು. ಉಸಿರಿರುವುದು ಏಳು, ಅವು ಬಸ್ಸಿನಲ್ಲಿ ಎಷ್ಟು ಉಳಿಯುತ್ತವೋ ಕಾಣೆ. ತೊಳೆದಿಲ್ಲ. ತೊಳೆಯದೆ ಕಳಿಸುವುದಕ್ಕೆ ನನಗೆ ಮನಸ್ಸೇ ಬರಲಿಲ್ಲ, ನಿನ್ನನ್ನು ಹರಕು ಬಟ್ಟೆಯಲ್ಲಿ ಸ್ಕೂಲಿಗೆ ಕಳಿಸಿದ ಹಾಗಾಯಿತು.

ಅಕ್ಕ

*

10 ನವೆಂಬರ್ 1995

ಅಕ್ಕ,

ಪೆಟ್ಟಿಗೆಯನ್ನು ನಿಲ್ದಾಣದಿಂದ ನಾನೇ ಹೊತ್ತು ತಂದೆ. ಅಟೆಂಡರ್ ಜೊತೆಗೆ ಬಂದ, ಕೊಡಿ ಅಂದ, ಕೊಡಲಿಲ್ಲ. ಗೋಣಿಯಿಂದ ಇಳಿದ ನೀರು ನನ್ನ ಸೀರೆಯ ಮೇಲೆಲ್ಲ ಹರಿಯಿತು. ಬದಲಾಯಿಸದೆ ಹಾಗೇ ಸಭೆಗೆ ಹೋದೆ.

ಉದ್ದನೆಯ ಮೇಜು, ಬಿಳಿ ಬಟ್ಟೆ, ಒಂಬತ್ತು ಜನ, ಬಿಸ್ಕತ್ತಿನ ತಟ್ಟೆಗಳು. ತಟ್ಟೆಗಳನ್ನು ಸರಿಸಿ ಪೆಟ್ಟಿಗೆ ತೆರೆದೆ. ಒಂದೊಂದನ್ನೇ ಹೊರಗಿಟ್ಟು ಸಂಖ್ಯೆ ಹೇಳುತ್ತ ಹೋದೆ. ಹನ್ನೊಂದನೆಯದಕ್ಕೆ ಇಬ್ಬರು ಎದ್ದು ಕಿಟಕಿಯ ಬಳಿ ಹೋದರು. ನಿರ್ದೇಶಕರ ಕರವಸ್ತ್ರ ಹೊರಗೆ ಬಂತು. ಮ್ಯಾನೇಜರು ಚಾವಣಿ ನೋಡುತ್ತ ಕುಳಿತಿದ್ದ. ನಾನು ಮೂಗಿಗೆ ಕೈ ಒಯ್ಯಲಿಲ್ಲ.

ಒಂದರ ಬೆನ್ನ ಚಿಪ್ಪು ಬಿಡಿಸಿ ಕಿವಿರು ತೋರಿಸಿದೆ. ಆರೋಗ್ಯದ ಏಡಿಯಲ್ಲಿ ಅದು ತೆಳ್ಳಗೆ ಬಾಚಣಿಗೆಯ ಹಲ್ಲಿನ ಹಾಗೆ ಬಿಡಿಬಿಡಿಯಾಗಿ, ಮಾಸಲು ಬಿಳಿಯಾಗಿರುತ್ತದೆ. ಇದು ಕಪ್ಪು ಲೋಳೆಯ ಮುದ್ದೆ. ಉಸಿರಾಡಲು ಜಾಗವೇ ಇರಲಿಲ್ಲ. ಇನ್ನೂ ಬದುಕಿದ್ದ ಐದರಲ್ಲಿ ಒಂದನ್ನು, ಪೆಟ್ಟಿಗೆಯ ಜೊತೆ ಭಾವ ಡಬ್ಬಿಯಲ್ಲಿ ಕಳಿಸಿದ್ದ ಪೈಪಿನ ನೀರನ್ನು ಜಾಡಿಗೆ ಸುರಿದು, ಅದರಲ್ಲಿ ಬಿಟ್ಟೆ. ಅವರು ಮಾತಾಡುತ್ತಿದ್ದ ಮುಕ್ಕಾಲು ಗಂಟೆಯಲ್ಲಿ ಅದು ಮಗುಚಿ ಬಿತ್ತು.

ಸಮಿತಿಯ ಅಧ್ಯಕ್ಷರು ಕೆಮ್ಮುವ ಮುದುಕರು, ಅಷ್ಟು ಹೊತ್ತೂ ಜಾಗ ಬಿಟ್ಟು ಏಳಲಿಲ್ಲ. "ಹಾಗಾದ್ರೆ ಈ ಆರು ವರ್ಷದ ಅಂಕಿ ಏನಮ್ಮ?" ಎಂದು ಕೇಳಿದರು. ನಿರ್ದೇಶಕರು ನನ್ನ ಕಡೆ ನೋಡಿದರು, ಒಂದು ಸಾಲು, ಒಂದೇ ಸಾಲು ಎಂಬ ಹಾಗೆ. ನಾನು ಚೀಲದಿಂದ ನಿನ್ನ ಗೋಡೆಯ ಕಾಗದ ತೆಗೆದು ಓದಿದೆ. ದಿನಾಂಕದಿಂದ ಹಿಡಿದು, ಮಾನದ ಮಾತಿನವರೆಗೂ, ಸಹಿಯವರೆಗೂ. "ತರುವವರು ಮೋಸ ಮಾಡಲಿಲ್ಲ. ನಾನು ಹೀಗೆ ಹೇಳಿದ್ದೆ, ಅವರು ಹಾಗೇ ಮಾಡಿದರು" ಅಂದೆ.

ಎರಡನೆಯ ಪೈಪು ನಿಂತಿದೆ. ಬೇರೆಯವರಿಂದ ಹೊಸದಾಗಿ ಅಳೆಸುತ್ತಾರಂತೆ. ಮೊದಲನೆಯದು ಹರಿಯುತ್ತಲೇ ಇರುತ್ತದೆ, ಅದನ್ನು ನಿಲ್ಲಿಸುವ ಅಧಿಕಾರ ಈ ಸಮಿತಿಗಿಲ್ಲವಂತೆ. ಇದನ್ನು ಬರೆಯುವಾಗ ನನಗೆ ಗೆದ್ದ ಹಾಗೆ ಏನೂ ಅನ್ನಿಸುತ್ತಿಲ್ಲ. ನನ್ನ ಲೇಖನಗಳನ್ನು ನಾನೇ ಹಿಂತೆಗೆದುಕೊಂಡೆ. ನನ್ನನ್ನು ಪ್ರಯೋಗಾಲಯದಿಂದ ಬಾಟಲಿಗಳ ಉಗ್ರಾಣಕ್ಕೆ ಹಾಕಿದ್ದಾರೆ, ಹಳೆಯ ಸತ್ತ ಏಡಿಗಳ ಚೀಟಿ ಬದಲಾಯಿಸುವ ಕೆಲಸ. ಒಂದು ತಿಂಗಳ ರಜೆ ಬರೆದುಕೊಟ್ಟಿದ್ದೇನೆ.

ಆರು ವರ್ಷ ಬರದಿದ್ದುದಕ್ಕೆ ಕಾರಣ ಕೆಲಸವಲ್ಲ ಅಕ್ಕ. ನನಗೆ ಆ ವಾಸನೆ ಬೇಡವಾಗಿತ್ತು. ಮೈಯಿಂದ ತೊಳೆದುಕೊಂಡು ಬಂದದ್ದು ಮತ್ತೆ ಹತ್ತಿಕೊಳ್ಳುತ್ತದೆ ಎಂಬ ಭಯವಿತ್ತು. ಇದನ್ನು ಎದುರಿಗೆ ಹೇಳಲು ನಾಲಗೆ ಏಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಪ್ಪತ್ತೈದರ ಬಸ್ಸಿಗೆ ಬರುತ್ತೇನೆ. ಮನೆ ಗುಡಿಸಬೇಡ, ಸಾರಿಸಬೇಡ. ಪೈಪಿನ ಬಾಯಿಯ ಬೋನುಗಳನ್ನು ಇನ್ನು ನಾನೇ ಇಡುತ್ತೇನೆ, ಸಿಕ್ಕದ್ದನ್ನೆಲ್ಲ ಬರೆದಿಡುತ್ತೇನೆ. ಬಂದ ಮರುದಿನವೇ ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ನಾನು ಬಂದಾಗ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಮಾತ್ರ ನಿಲ್ಲಬೇಡ.

ತಂಗಿ

*

18 ನವೆಂಬರ್ 1995

ಸೊಟ್ಟಮೂತಿಗೆ,

ಇದು ನನ್ನದೇ ಬರಹ. ಪೆನ್ನಿಗೆ ಬಟ್ಟೆ ಸುತ್ತಿ ಮುಷ್ಟಿಯಲ್ಲಿ ಹಿಡಿದಿದ್ದೇನೆ, ಅಕ್ಷರ ಏಡಿ ನಡೆದ ಹಾಗೆ ಅಡ್ಡಡ್ಡ ಹೋಗಿದ್ದರೆ ನಗಬೇಡ.

ವಾಸನೆಯ ವಿಷಯ ನೀನು ಬರೆಯುವ ಮುಂಚೆಯೇ ನನಗೆ ಗೊತ್ತಿತ್ತು. ಅದಕ್ಕೇ ಅಷ್ಟು ತೊಳೆದು ಕಳಿಸುತ್ತಿದ್ದೆ. ಬಸ್ಸು ಹತ್ತಿ ಬಾ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಈಗ ತುತ್ತು ಕಲಸಲು ಆಗುವುದಿಲ್ಲ, ಚಮಚವೂ ನಿಲ್ಲುವುದಿಲ್ಲ. ಭಾವ ಉಣಿಸಲು ಬರುತ್ತಾರೆ, ಗಂಡನ ಕೈಯಲ್ಲಿ ಉಣ್ಣಲು ನನಗೆ ನಾಚಿಕೆ. ನೀನಿರುವಷ್ಟು ದಿನ ನೀನೇ ಉಣಿಸಬೇಕು. ಬೋನು ಎತ್ತಿ ಬಂದ ನಿನ್ನ ಕೈ ಏಡಿ ನಾರುತ್ತಿರುತ್ತದೆ. ನಾನು ಉಗಿಯುವುದಿಲ್ಲ.

ಅಕ್ಕ